ಗುಬ್ಬಿಗಳು ಹಾರಿದ ಹಾಳೆ

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮೌಲಾಸಾಬ ಚಾಚಾ ಅವರ ಬೈಂಡಿಂಗ್ ಅಂಗಡಿ. ಎಂಟನೇ ತರಗತಿಗೆ ಶಾಲೆ ಬಿಟ್ಟ ನಾನು ಅಲ್ಲಿ ಪುಸ್ತಕ ಹೊಲಿಯುತ್ತೇನೆ. ಹೊಲಿಯುವವಳು ಓದುತ್ತಾಳೆಂದು ಯಾರಿಗೂ ಅನ್ನಿಸುವುದಿಲ್ಲ. ನಾನು ಓದುತ್ತೇನೆ.

ಅವತ್ತು ನನ್ನ ಮುಂದಿದ್ದದ್ದು ವಿದ್ಯಾಧೀಶ ಸರ್ ತಂದ ಕಟ್ಟು. ಸರ್ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಬೈಬಲ್ಲಿಗೆ ಸೇರದೆ ಹೊರಗುಳಿದ ಕ್ರೈಸ್ತರ ಹಳೆಯ ಬರಹಗಳನ್ನು ಕನ್ನಡದಲ್ಲಿ ಕೈಯಾರೆ ಬರೆದಿಟ್ಟಿದ್ದರು. ಇದ್ದದ್ದು ಅದೊಂದೇ ಪ್ರತಿ. ಪುಟದ ಅಂಕಿಗಳಿದ್ದ ಮೂಲೆಗಳನ್ನೆಲ್ಲ ಇಲಿ ತಿಂದಿತ್ತು. ಕಟ್ಟು ಬಿಚ್ಚಿದಾಗ ಒಂದು ಹಾಳೆ ಜಾರಿ ಬಿತ್ತು.

“ಎಲ್ಲೀದು ಅಂತ ಹುಡುಕ್ತೀ ಸಮ್ರೀನ? ಸರ್ ನಾಕಕ್ಕ ಬರ್ತಾರ. ರದ್ದ್ಯಾಗ ಒಗಿ,” ಎಂದರು ಚಾಚಾ.

ಹಾಳೆಯ ಮೊದಲ ಸಾಲು ನೋಡಿದೆ. ಹುಡುಗ ಚಪ್ಪಾಳೆ ತಟ್ಟಿದ, ಹನ್ನೆರಡೂ ಹಾರಿಹೋದವು ಎಂದಿತ್ತು. ಏನು ಹಾರಿದವು?

ಹೊನವಾಡದ ನನ್ನ ನಾನಿ, ಅಮ್ಮನ ತಾಯಿ ಹುಸೇನಬಿ ನೆನಪಾದಳು. ನಾವು ಈಸಾ ಎನ್ನುವ ಯೇಸು ಮಣ್ಣಿನಲ್ಲಿ ಹಕ್ಕಿ ಮಾಡಿ ಊದಿದರೆ ಅಲ್ಲಾಹನ ಅಪ್ಪಣೆಯಿಂದ ಅದು ಹಾರುತ್ತಿತ್ತು ಎಂದು ನಾನಿ ಹೇಳುತ್ತಿದ್ದಳು. ಇವು ಅದೇ ಹಕ್ಕಿಗಳಾದರೆ, ಮಣ್ಣು ಕಲಸುವ ಪುಟವೂ ಇರಬೇಕಲ್ಲ! ಒಂದೊಂದೇ ಹಾಳೆ ಮಗುಚಿದೆ. ಸಿಕ್ಕಿತು. ಐದು ವರ್ಷದ ಯೇಸು ಹಳ್ಳದ ದಂಡೆಯಲ್ಲಿ ಮೆತ್ತನೆ ಮಣ್ಣಿನಿಂದ ಗುಬ್ಬಿಗಳನ್ನು ಮಾಡಿದ್ದ. ಕೆಲಸ ಮಾಡಬಾರದ ದಿನ ಇದೇನೆಂದು ತಂದೆ ಗದರುವಲ್ಲಿಗೆ ಪುಟ ಮುಗಿದಿತ್ತು.

“ಚಾಚಾ, ಇದು ಇಲ್ಲೀದು.”

“ಯಾವಾಗ ಪಾದ್ರಿ ಆದಿ ನೀ? ಅದನ್ನ ಬಿಟ್ಟು ಹೊಲಿ!”

ನಾನು ಸೂಜಿ ಮುಟ್ಟಲಿಲ್ಲ. ಚಾಚಾನ ಮಾತು ಮೀರಿದ್ದು ಅದೇ ಮೊದಲು. ಹಾಳೆಯನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತೆ.

ಸರ್ ಬಂದೊಡನೆ ಎರಡೂ ಹಾಳೆ ಮುಂದೆ ಹಿಡಿದೆ. ಕನ್ನಡಕ ಏರಿಸಿ ಓದಿದರು.

“ಖರೇ ಅದ. ಇಲ್ಲೀದೇ. ಹೆಂಗ ಗೊತ್ತಾತು ತಂಗಿ?”

“ನಮ್ಮ ನಾನಿ ಹೇಳ್ತಾಳ್ರಿ. ಆದ್ರ ಆಕಿ ಕತ್ಯಾಗ ಚಪ್ಪಾಳಿ ಇಲ್ರಿ. ಊದ್ತಾನ್ರಿ.”

ಹೊರಡಬೇಕಿದ್ದ ಸರ್ ಸ್ಟೂಲ್ ಎಳೆದು ಕುಳಿತರು. “ಹೌದಾ? ಎಷ್ಟು ಹಕ್ಕಿ ಅಂತಾಳ?”

ನಾನು ಎಂದೂ ಕೇಳಿರಲಿಲ್ಲ.

“ಫೋನ್ ಹಚ್ಚು,” ಚಾಚಾ ಗೊಣಗಿದರು. “ಇಲ್ಲಂದ್ರ ಇವ್ರು ಇವತ್ತು ಏಳಂಗಿಲ್ಲ.”

ಸ್ಪೀಕರ್ ಹಾಕಿದೆ. “ನಾನಿ, ಈಸಾನ ಹಕ್ಕಿ ಎಷ್ಟು ಬೇ? ಇವ್ರ ಪುಸ್ತಕದಾಗ ಹನ್ನೆರಡ ಅದಾವ.”

“ಎಣಸೂದ್ರಾಗ ಹಾರಿ ಹೋಗಿರ್ತಾವ, ಹುಚ್ಚಿ! ಹನ್ನೆರಡ ಅಂತ ನಿಂತು ಎಣಿಸಿದಾವ ಯಾಂವ, ಕೇಳ ಅವ್ರನ್ನ.”

ಸರ್ ಜೋರಾಗಿ ನಕ್ಕರು. “ಅದನ್ನೇ ಇಪ್ಪತ್ತು ವರ್ಷದಿಂದ ಹುಡುಕಾಕತ್ತೇನಿ ಅಂತ ಹೇಳು.”

ಹಾಳೆಯನ್ನು ಅದರ ಜಾಗದಲ್ಲಿಟ್ಟು ನಾನು ಸೂಜಿಗೆ ದಾರ ಪೋಣಿಸಿದೆ.