ಕ್ಯಾಲೆಂಡರಿನ ಕುಂಕುಮ

ಗುರುದೇವಿಯ ಫೋಟೋ ತೆಗೆದವನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅವಳ ತಲೆಯ ಮೇಲೆ ಫರಸಿ ಕಲ್ಲು, ಅದನ್ನು ಹಿಡಿದು ಎರಡೂ ಕೈ ಮೇಲೆ. ಜಾರಿದ ಸೆರಗು ಎಳೆದುಕೊಳ್ಳಲು ದೇವರು ಮೂರನೆಯ ಕೈ ಕೊಟ್ಟಿರಲಿಲ್ಲ. ಶಹಾಬಾದಿನ ಆ ಕಲ್ಲುಗಣಿಯ ದಂಡೆಯಲ್ಲಿ ಹ್ಯಾಟಿನವನೊಬ್ಬ ಕೊರಳಿಗೆ ಪೆಟ್ಟಿಗೆ ತೂಗುಹಾಕಿಕೊಂಡು ನಿಂತಿದ್ದ. ಚಟ್ ಎಂದಿತು. ಅವಳು ಹೊರೆ ಇಳಿಸಿ ತಿರುಗುವಷ್ಟರಲ್ಲಿ ಅವನು ವಾಡಿಗೆ ಹೋಗುವ ಗಾಡಿ ಹಿಡಿಯಲು ಹೊರಟೇಹೋಗಿದ್ದ. ದೊಡ್ಡವರಿಗೆ ಪುರಸೊತ್ತು ಎಲ್ಲಿರುತ್ತದೆ!

ಅವಳೂ ಅದನ್ನು ಮರೆತಳು. ಅವಳಿಗೆ ಬೇರೆ ಚಿಂತೆಗಳಿದ್ದವು. ಗಂಡ ರೇವಣಪ್ಪ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಕೂದಲೂ ಕೊಂಕದೆ ಉಳಿದವನು, ಈ ಫೋಟೋಕ್ಕೆ ಮೊದಲೇ ಇದೇ ಗಣಿಯ ದಂಡೆ ಕುಸಿದು ಸತ್ತಿದ್ದ. ನೋಡುವ ಹಾಗಿಲ್ಲವೆಂದು ಊರವರು ಅವನ ತಾಯಿ ನೀಲಾಬಾಯಿಗೆ ಮಗನ ಮುಖ ತೋರಿಸದೆಯೇ ಮಣ್ಣು ಮಾಡಿದರು. ಮುದುಕಿ ನಂಬಲಿಲ್ಲ. ಮಗ ಮುಂಬಯಿಗೆ ಹೋಗಿದ್ದಾನೆ ಎಂದು ಬಾಗಿಲಲ್ಲಿ ಕೂತಳು. ಸೊಸೆ ಗಟ್ಟಿ ಮನಸ್ಸು ಮಾಡಿ ನಿಜ ಹೇಳಿದಾಗ ಅನ್ನ ನೀರು ಬಿಟ್ಟು ಗೋಡೆಗೆ ತಲೆ ಚಚ್ಚಿಕೊಂಡಳು. ಈಚೆಗಷ್ಟೇ ಹೇಗೋ ಆ ದುಃಖವನ್ನು ನುಂಗಿಕೊಂಡು ಸುಮ್ಮನಾಗಿದ್ದಳು. ಆ ಸುಮ್ಮನಿರುವಿಕೆಯನ್ನು ಗುರುದೇವಿ ಹಸುಗೂಸಿನಂತೆ ಕಾಯುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಗಣಿಯ ಹೆಂಗಸರು ನಗಲು ಶುರುಮಾಡಿದರು.

"ಉಡಿಕಿ ಯಾವಾಗ ಆತವ್ವಾ? ನಮಗ ಊಟಕ್ಕ ಭೀ ಕರೀಲಿಲ್ಲಲ್ಲ!"

ಗಂಡ ಸತ್ತವಳು ಉಡಿಕೆಯಾಗಿ ಮತ್ತೆ ಯಾರನ್ನು ಕಟ್ಟಿಕೊಂಡಳು ಎಂದು ಅವರ ಚೇಷ್ಟೆ. ಏನೆಂದು ತಿಳಿಯದೆ ಅವರು ತೋರಿಸಿದ ಲಾಲ್ ಅಹ್ಮದನ ಚಹಾದ ಹೋಟೆಲಿಗೆ ಹೋದಳು. ಗೋಡೆಯ ಮೇಲೆ ಹೊಸ ಕ್ಯಾಲೆಂಡರು. ಅದರಲ್ಲಿ ಕಲ್ಲು ಹೊತ್ತು ನಿಂತವಳು ತಾನೇ. ಬಣ್ಣ ತುಂಬಿದವನು ಭಾರಿ ಧಾರಾಳಿ: ಅವಳ ಹಣೆಯ ವಿಭೂತಿ ಅಳಿಸಿ ರೂಪಾಯಿಯಗಲ ಕುಂಕುಮ, ಬರಿಗೈಗೆ ಹಸಿರು ಬಳೆ, ಕೊರಳಿಗೆ ತಾಳಿ. ಕೆಳಗೆ ಅವರಿಗೆಲ್ಲ ಕೂಲಿ ಕೊಡುವ ಮಾಣಿಕಪ್ಪ ಸಾಹುಕಾರನ ಕಲ್ಲಿನ ಡಿಪೋದ ಹೆಸರು.

ಲಾಲ್ ಅಹ್ಮದ ಅದನ್ನು ಮೊಳೆಯಿಂದ ಕಿತ್ತು ಅವಳ ಕೈಗಿಟ್ಟ. "ತಗೋ ತಂಗೀ. ಖರೇ, ಬಜಾರ ತುಂಬ ಇವೇ ಅದಾವಲ್ಲ."

ಅದನ್ನೇ ಸುತ್ತಿ ಹಿಡಿದು ಡಿಪೋಗೆ ಹೋದಳು.

"ಸಾವಕಾರ್ರ, ನಾ ರಂಡಮುಂಡಿ ಇದ್ದಾಕಿ. ಇವು ಎಲ್ಲಾ ತಗಸ್ರಿ, ನಿಮ್ಮ ಕಾಲು ಬೀಳ್ತೀನಿ. ನಮ್ಮತ್ತಿ ಕಿವಿಗಿ ಬಿದ್ರ ಆಕಿ ಉಳಿಯಂಗಿಲ್ಲ."

ಮಾಣಿಕಪ್ಪ ಕೆಟ್ಟವನಲ್ಲ, ಅವನಿಗೆ ಇದರಲ್ಲಿ ಅಳುವಂಥದ್ದೇನಿದೆ ಎಂಬುದೇ ತಿಳಿಯಲಿಲ್ಲ. "ಅದರಾಗ ನಿನ್ನ ಹೆಸರು ಬರದದೇನು? ಯಾವಾಕಿನೋ ಒಬ್ಬಾಕಿ ಕಲ್ಲು ಹೊರಾಕತ್ಯಾಳ, ಅಷ್ಟೇ. ಹೈದರಾಬಾದಿನ ಫೋಟೋದಾಂವನ ಕಡಿಂದ ಖರೀದಿ ಮಾಡೀನಿ."

"ಕುಂಕುಮ ಯಾಕ ಹಚ್ಚಿಸಿದ್ರಿ?"

"ಬೋಳ ಹಣಿ ಇದ್ರ ವರ್ಷಾನಗಟ್ಲೆ ಯಾರು ಗ್ವಾಡಿಗಿ ಹಾಕ್ಕೋತಾರ? ಭಾಳ ಛಲೋ ಕಾಣಾಕತ್ತದ. ಚಿತ್ತಾಪುರ, ಸೇಡಂ, ಚಿಂಚೋಳಿ ತನಕ ಹೋಗ್ಯಾವ, ಈಗ ಹೆಂಗ ತಗಸ್ಲಿ? ಸುಮ್ಮ ಮನಿಗಿ ಹೋಗು. ಹಬ್ಬಕ್ಕಂತ ಕೂಲಿಯವರ ಮನಿಗೆಲ್ಲ ಒಂದೊಂದು ಕಳಿಸೀನಿ, ನಿಮ್ಮ ಮನಿಗಿ ಭೀ."

ಅವಳು ಓಡಿದಳು. ಸಿಂಬಿ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ. ಅತ್ತೆಯನ್ನು ನೆಲದ ಮೇಲೆ ಬಿದ್ದಂತೆಯೇ ಕಲ್ಪಿಸಿಕೊಂಡು ಬಾಗಿಲಿಗೆ ಬಂದಳು.

ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ. ರೇವಣಪ್ಪನಿಗೆ ಇಷ್ಟವೆಂದು ಮುದುಕಿ ಮೊದಲೆಲ್ಲ ಬಡಿಯುತ್ತಿದ್ದ ರೊಟ್ಟಿ. ಬಸವಣ್ಣನ ಪಟದ ಪಕ್ಕದಲ್ಲಿ ಕ್ಯಾಲೆಂಡರು ತೂಗುತ್ತಿತ್ತು. ನೀಲಾಬಾಯಿ ಬಾಯಿ ತುಂಬ ನಗುತ್ತಿದ್ದಳು.

"ನೋಡೀಗ! ಎಲ್ಲಾರೂ ಕೂಡಿ ನನಗ ಸುಳ್ಳು ಹೇಳಿದ್ರಿ. ನನ್ನ ಮಗ ಸತ್ತಿದ್ರ ನಿನ್ನ ಹಣಿ ಮ್ಯಾಲ ಕುಂಕುಮ ಹೆಂಗ ಇರ್ತಿತ್ತು?"

"ಅತ್ತೀ, ಅದು ಸುಮ್ಮ ಬಣ್ಣ ಹಚ್ಯಾರ್ರಿ..."

"ಮಂದಿ ಸುಳ್ಳು ಹೇಳ್ತಾರ. ಫೋಟೋ ಸುಳ್ಳು ಹೇಳ್ತದೇನು?" ಮುದುಕಿ ಎದ್ದು ಪೆಟ್ಟಿಗೆಯ ತಳದಿಂದ ಕುಂಕುಮದ ಭರಣಿ ತಂದಳು. "ಬಾ, ಹಚ್ಚತೀನಿ. ಅಂವ ಬಂದು ಬೋಳ ಹಣಿ ನೋಡಬಾರದು."

ನಿಜ ಇನ್ನೊಮ್ಮೆ ಹೇಳಬಹುದಿತ್ತು. ಗೋಡೆಯ ಮೇಲೆ ಅಂದಿನ ರಕ್ತದ ಕಲೆ ಇನ್ನೂ ಇತ್ತು. ಕ್ಯಾಲೆಂಡರು ಅದರ ಪಕ್ಕದಲ್ಲೇ ಇತ್ತು. ಗುರುದೇವಿ ಮಂಡಿಯೂರಿ ಹಣೆ ಮುಂದೆ ಮಾಡಿದಳು. ಮುದುಕಿಯ ಬೆರಳಿಗೆ ರೊಟ್ಟಿಯ ಬಿಸಿ ಇನ್ನೂ ಇತ್ತು.

ಅಂದಿನಿಂದ ಅದು ನಿತ್ಯದ ಪರಿಪಾಠವಾಯಿತು. ಬೆಳಿಗ್ಗೆ ಅತ್ತೆ ಕುಂಕುಮ ಹಚ್ಚುತ್ತಾಳೆ, ಬುತ್ತಿ ಕಟ್ಟುತ್ತಾಳೆ. ಓಣಿಯ ತಿರುವಿನಲ್ಲಿ ಗುರುದೇವಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಗಂಡ ಸತ್ತಾಗ ಊರ ಹೆಂಗಸರು ಸೇರಿ ಒಂದೇ ಸಲ ಒರೆಸಿದ್ದರು. ಈಗ ದಿನವೂ ತಾನೇ ಒರೆಸಿಕೊಳ್ಳಬೇಕು. ಒರೆಸಿಕೊಂಡು, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಗಣಿಯ ಕಡೆ ನಡೆಯುತ್ತಾಳೆ.