ರಾದೋಯ್ಕಾಳ ಮುಖ ಮತ್ತು ಒಂದು ಸಾವಿನ ಚೀಟಿ

ಶನಿವಾರ ಬಂತೆಂದರೆ ನಮ್ಮ ದ್ರೆನೊವಾ ಊರಿನ ಪುರಸಭೆಯ ಮುಂದೆ ಮದುವೆ ದಿಬ್ಬಣಗಳು ಸಾಲುಗಟ್ಟಿ ನಿಲ್ಲುತ್ತವೆ. ಸೆರ್ಬಿಯಾದಲ್ಲಿ ತುತ್ತೂರಿ ಊದುವವರು ಸಾವಿರ ಜನ ಇರಬಹುದು. ಆದರೆ ನಾನು ಊದಿದರೆ ಮೊರಾವಾ ನದಿಯೇ ಒಂದು ಗಳಿಗೆ ನಿಂತು, ಕೇಳಿಸಿಕೊಂಡು, ಆಮೇಲೆ ಮುಂದಕ್ಕೆ ಹರಿಯುತ್ತದೆ. ಒಮ್ಮೆ ನಾನು ಎತ್ತರದ ಸ್ವರ ಹಿಡಿದಾಗ ಪುರಸಭೆಯ ಗಡಿಯಾರ ನಲವತ್ತು ನಿಮಿಷ ಹಿಂದಕ್ಕೆ ಹೋಯಿತು. ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ, ಇಲ್ಲವೆನ್ನುತ್ತಾರೆ. ಹೊಟ್ಟೆಕಿಚ್ಚು.

ಆ ದಿಬ್ಬಣಗಳನ್ನೆಲ್ಲ ಒಳಗೆ ಬರಮಾಡಿಕೊಳ್ಳುತ್ತಿದ್ದವಳು ರಾದೋಯ್ಕಾ. ಇಪ್ಪತ್ತೊಂದು ವರ್ಷದಿಂದ ಊರಿನ ಮದುವೆ ನೋಂದಣಿ ಅವಳದೇ. ದೇಶದ ಬಾವುಟದ ಕೆಂಪು, ನೀಲಿ, ಬಿಳಿ ಬಣ್ಣದ ಪಟ್ಟಿಯನ್ನು ಹೆಗಲಿನಿಂದ ಅಡ್ಡಲಾಗಿ ಹಾಕಿಕೊಂಡು "ಸ್ವಂತ ಇಚ್ಛೆಯಿಂದ ಒಪ್ಪಿದ್ದೀರಾ?" ಎಂದು ಅವಳು ಕೇಳಿದಳೆಂದರೆ, ಹಿಂದಿನ ದಿನ ಓಡಿಹೋಗಲು ಹೊಂಚು ಹಾಕಿದ್ದ ಗಂಡೂ ಒಪ್ಪಿದೆ ಎಂದುಬಿಡುತ್ತಿದ್ದ. ನನಗೇ ಎರಡು ಸಲ ಮದುವೆ ಮಾಡಿಸಿದ್ದಾಳೆ. ಮೊದಲನೆಯದು ಮುರಿದದ್ದು ಅವಳ ತಪ್ಪಲ್ಲ.

ಎರಡು ವರ್ಷದಿಂದ ಅವಳ ಮುಖ ಬದಲಾಗುತ್ತಾ ಬಂತು. ಹಣೆಯ ಗೆರೆಗಳು ಮಾಯವಾದವು. ಮೂಗು ಚೂಪಾಯಿತು, ತುಟಿ ತೆಳ್ಳಗಾಗಿ ಒಳಕ್ಕೆ ಸರಿಯಿತು, ಕೆನ್ನೆಯ ಮೇಲೆ ಕೆಂಪು ಚುಕ್ಕಿಗಳೆದ್ದವು. ಚರ್ಮ ಡೋಲಿಗೆ ಬಿಗಿದ ಹಾಗೆ ಬಿಗಿದು ಹೊಳೆಯಿತು. ಏನು ಹೇಳಿದರೂ ಮುಖ ಅಲುಗಾಡುತ್ತಿರಲಿಲ್ಲ.

"ನಲವತ್ತೇಳು ವಯಸ್ಸಿಗೆ ಒಂದು ಸುಕ್ಕಿಲ್ಲ ಅಂದ್ರೆ ಹೆಂಗಯ್ಯಾ?" ಎಂದು ಕಟುಕ ದ್ರಾಗುತಿನ್ ಒಂದು ದಿನ ಊರಿನ ಹೆಂಡದಂಗಡಿ ಕಫಾನಾದಲ್ಲಿ ಹಣ್ಣಿನ ಸಾರಾಯಿ ರಕಿಯಾ ಹೀರುತ್ತಾ ಕೇಳಿದ.

ಗೊತ್ತಿಲ್ಲ ಎನ್ನಬಹುದಿತ್ತು. ಆ ಮಾತು ನನ್ನ ಬಾಯಿಗೆ ಯಾವತ್ತೂ ಬಂದಿಲ್ಲ.

"ಬೆಲ್‌ಗ್ರೇಡಲ್ಲಿ ಸೂಜಿ ಹಾಕಿಸ್ಕೊಂಡು ಬಂದಿದಾಳೆ ಕಣೋ! ಸೂಜಿ ಅಂದ್ರೆ ಎಂಥಾದ್ದು, ಈ ಕೆನ್ನೇಲಿ ಚುಚ್ಚಿದ್ರೆ ಆ ಕಿವೀಲಿ ಬರ್ಬೇಕು. ಮದ್ದು ಜಾಸ್ತಿಯಾಗಿ ಮುಖ ಸಿಮೆಂಟಾಗೋಯ್ತು. ಈಗ ನಗ್ಬೇಕಂದ್ರೂ ಡಾಕ್ಟರ ಸಹಿ ಬೇಕು."

ಕಫಾನಾ ಬಿದ್ದುಬಿದ್ದು ನಕ್ಕಿತು. ಸಂಜೆಯೊಳಗೆ ಆ ಸೂಜಿ ಊರೆಲ್ಲ ಸುತ್ತಿ ನನ್ನ ಮನೆಗೇ ವಾಪಸ್ಸು ಬಂತು, ಇನ್ನೂ ಎರಡು ಮೊಳ ಬೆಳೆದು. ಹೆಂಗಸರು ಮೊದಮೊದಲು ಡಾಕ್ಟರ ವಿಳಾಸ ಕೇಳಿದರು. ಅವಳು ಇಲ್ಲವೆಂದಾಗ ಜಂಬ ಎಂದರು. ಪುರಸಭೆಯ ಕಸ ಗುಡಿಸುವವಳು, "ಕನ್ನಡಿ ಮುಂದೆ ಅರ್ಧ ಗಂಟೆ ಮೂತಿ ಸೊಟ್ಟ ಮಾಡ್ಕೊಂಡು ನಿಂತಿರ್ತಾಳೆ, ಕಣ್ಣಾರೆ ನೋಡಿದೀನಿ," ಎಂದು ಸಾಕ್ಷಿ ನುಡಿದಳು. ಸಾಕಾಯಿತು.

ಎಂಟು ತಿಂಗಳ ನಂತರ, ನವೆಂಬರಿನಲ್ಲಿ, ಬ್ರೆಡ್ ಅಂಗಡಿಯ ಯಗೊರ್ಕಾ ಪುರಸಭೆಗೆ ಬಂದಳು. ಅವಳ ಮಗಳು ಸ್ಮಿಲ್ಯಾಳ ಮದುವೆ, ಮದುವೆಗಳೇ ನಡೆಯದ ಕ್ರಿಸ್ಮಸ್ ಉಪವಾಸ ಶುರುವಾಗುವ ಮುಂಚಿನ ಕೊನೆಯ ಶನಿವಾರಕ್ಕೆ ಗೊತ್ತಾಗಿತ್ತು. ವಾದ್ಯದ ಸಮಯ ಕೇಳಲು ಹೋಗಿದ್ದ ನಾನು ಹೊರಗೆ ಸಾಲಿನಲ್ಲಿ ನಿಂತಿದ್ದೆ. ಬಾಗಿಲು ತೆರೆದೇ ಇತ್ತು. ಮುಚ್ಚಿದ್ದರೂ ಕೇಳುತ್ತಿತ್ತು, ಯಗೊರ್ಕಾಳ ಗಂಟಲು ಅಂಥದ್ದು.

"ನೋಡಿ ವುಕಾಶಿನ್ ಅವರೇ," ಎಂದಳು ಕಚೇರಿಯ ಮುಖ್ಯಸ್ಥನಿಗೆ, "ನಂಗೆ ಇವಳ ಮೇಲೆ ದ್ವೇಷ ಇಲ್ಲ. ಆದ್ರೆ ನನ್ ಮಗಳ ಮದುವೆ ಫೋಟೋ ಐವತ್ತು ವರ್ಷ ಗೋಡೆ ಮೇಲೆ ಇರತ್ತೆ. ನಡುವೆ ಒಬ್ಬಳು ಹಿಂಗೆ ದುರುಗುಟ್ಕೊಂಡು ನಿಂತಿದ್ರೆ ಹೆಂಗ್ರೀ?"

"ನಾನು ದುರುಗುಟ್ಟಲ್ಲ ಯಗೊರ್ಕಾ," ಎಂದಳು ರಾದೋಯ್ಕಾ. "ನನ್ನ ಮುಖ ಹಿಂಗಾಗಿದೆ. ಕಾಯಿಲೆ."

"ಕಾಯಿಲೇನೋ ಶೋಕೀನೋ, ಊರಿಗೆಲ್ಲ ಗೊತ್ತು ಬಿಡು. ಕಾಯಿಲೆ ಅನ್ನೋದಾದ್ರೆ ಇನ್ನೂ ಚೆನ್ನಾಯ್ತು! ಮದುಮಗಳ ಕೈ ಬೇರೆ ಕುಲುಕ್ತೀಯ."

"ಅಂಟೋದಲ್ಲ. ಡಾಕ್ಟರ ಕಾಗದ ಇದೆ, ತೋರಿಸ್ಲಾ?"

ವುಕಾಶಿನ್ ಕೆಮ್ಮಿದ. "ಕಾಗದ ಇರ್ಲಿ ರಾದೋಯ್ಕಾ. ಇವರೊಬ್ಬರೇ ಅಲ್ಲ, ನಾಲ್ಕು ಮನೆಯವರು ಹೇಳಿದ್ರು. ನಾನೇನ್ ಮಾಡ್ಲಿ? ಸ್ವಲ್ಪ ದಿನ ಕೆಳಗಡೆ ದಾಖಲೆ ಕೋಣೆ ನೋಡ್ಕೋ. ಅಲ್ಲಿ ಯಾರೂ ನಿನ್ನ ನೋಡಲ್ಲ, ನಿಂಗೂ ನೆಮ್ಮದಿ."

"ಯಾರಿಗೆ ನೆಮ್ಮದಿ?"

ಅವಳು ಹೆಗಲ ಪಟ್ಟಿ ತೆಗೆದು, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟು ಇಳಿದುಹೋದಳು. ಹೊರಗೆ ನಿಂತಿದ್ದ ನಾನು ಮೂತಿ ಸೊಟ್ಟ ಮಾಡಿ ತೋರಿಸಿದೆ. ಸಾಲಿನಲ್ಲಿದ್ದವರು ನಕ್ಕರು.

ಮರುವಾರ ನನಗೆ ಜನನ ಪತ್ರ ಬೇಕಾಯಿತು. ನಮ್ಮ ದೇಶದಲ್ಲಿ ಮನುಷ್ಯ ಕಣ್ಣೆದುರು ನಿಂತಿದ್ದರೂ, ಹುಟ್ಟಿದ್ದಾನೆ ಎಂಬುದಕ್ಕೆ ಆರು ತಿಂಗಳೊಳಗಿನ ಹೊಸ ಕಾಗದ ತರಬೇಕು. ವಿಯೆನ್ನಾದ ಒಂದು ಮದುವೆಯವರು, ನಾನು ಬರದಿದ್ದರೆ ಹುಡುಗಿಯನ್ನೇ ಕೊಡುವುದಿಲ್ಲವೆಂದು ಹಟ ಹಿಡಿದಿದ್ದರು, ಪಾಸ್‌ಪೋರ್ಟ್ ಮಾಡಿಸಬೇಕಿತ್ತು.

ನೆಲಮಾಳಿಗೆಗೆ ಇಳಿದೆ. ಗೋಡೆಯಿಂದ ನೀರು ಜಿನುಗುತ್ತಿತ್ತು. ಎರಡು ಸ್ವೆಟರು, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ರಾದೋಯ್ಕಾ ದೊಡ್ಡ ಪುಸ್ತಕದ ಮೇಲೆ ಬಗ್ಗಿದ್ದಳು.

"ಏನಮ್ಮಾ, ಆ ಬೆಲ್‌ಗ್ರೇಡ್ ಡಾಕ್ಟರ ವಿಳಾಸ ನನ್ ಹೆಂಡ್ತಿಗೂ ಕೊಡ್ತೀಯಾ?" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ಸ್ತಾನಿಮಿರ್, ಬಾಯಿ ತೆಗಿ."

"ಯಾಕೆ?"

"ತೆಗಿ ಅಂದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ನಿಲ್ಸು."

ತುತ್ತೂರಿಯವನ ಬಾಯಿ. ನಾಲ್ಕು ಬೆರಳು ಹೋಗಿ, ಗುಬ್ಬಿ ಗೂಡು ಕಟ್ಟುವಷ್ಟು ಜಾಗ ಉಳಿಯಿತು. ಅವಳು ತನ್ನ ಬಾಯಿ ತೆರೆದಳು. ಒಂದು ಬೆರಳು ಹೋಯಿತು. ಎರಡನೆಯದು ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ತುಟಿಯ ಅಂಚು ಬಿರಿದು ರಕ್ತ ಒಸರಿತು.

"ಎರಡು ವರ್ಷದ ಹಿಂದೆ ನಂಗೂ ಮೂರು ಹೋಗ್ತಿತ್ತು," ಎಂದಳು. "ಈಗ ಹಲ್ಲುಜ್ಜೋದು ಮಕ್ಕಳ ಬ್ರಷ್ಷಲ್ಲಿ. ಬುರೆಕ್ ಕಡುಬು ತಿನ್ಬೇಕಂದ್ರೆ ಕತ್ತರೀಲಿ ಚೂರು ಮಾಡ್ಬೇಕು. ಕನ್ನಡಿ ಮುಂದೆ ಬಾಯಿ ಹಿಗ್ಗಿಸ್ತೀನಿ, ಇರೋದಾದ್ರೂ ಉಳೀಲಿ ಅಂತ. ಅದನ್ನ ಶೋಕಿ ಅಂದ್ರಿ. ಸುಕ್ಕಿಲ್ಲ ಅಂತ ಹೊಟ್ಟೆ ಉರ್ಕೊಂಡ್ರಿ. ಒಂದು ಸುಕ್ಕು ಬರ್ಲಿ ಅಂತ ನಾನು ಹರಕೆ ಹೊತ್ತಿದೀನಿ ಕಣೋ."

ನಾನು ಏನೋ ಹೇಳಲು ಹೋದೆ.

"ಸುಮ್ನಿರು. ಆ ಕತೆ ಕಟ್ಟಿದ್ದು ಯಾರು ಅಂತ ನಂಗೆ ಗೊತ್ತು. ಅಷ್ಟುದ್ದದ ಸೂಜಿ ಊರಲ್ಲಿ ಇನ್ಯಾರ ಹತ್ರ ಇರತ್ತೆ?"

ಆಗ ಅವಳ ಬೆರಳು ನೋಡಿದೆ. ತುದಿಯಲ್ಲಿ ಮೇಣದಂತೆ ಬಿಳುಪೇರಿದ್ದವು. ನೋಡನೋಡುತ್ತಲೇ ನೀಲಿಯಾದವು. ಅವಳು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡು ಹೊರತೆಗೆದಾಗ ಕೆಂಪಗೆ ಉರಿಯುತ್ತಿದ್ದವು.

"ಬಿಳಿ, ನೀಲಿ, ಕೆಂಪು," ಎಂದಳು. "ಪಟ್ಟಿ ಕಿತ್ಕೊಂಡ್ರು, ಬಾವುಟ ನನ್ ಕೈಯಲ್ಲೇ ಉಳೀತು. ತಲೆಕೆಳಗಾಗಿ. ಚಳಿ ತಗಲಿಸ್ಬೇಡ ಅಂದಿದಾರೆ ಡಾಕ್ಟ್ರು. ಆ ಕಾಗದಾನ ಆಮೇಲೆ ವುಕಾಶಿನ್ ಮೇಜಿನ ಮೇಲೇ ಇಟ್ಟಿದೀನಿ."

ಮೇಲೆ ಹತ್ತಿ ಬರುತ್ತಾ ನನ್ನ ತುಟಿ ಮುಟ್ಟಿ ನೋಡಿಕೊಂಡೆ. ತುಟಿ ಎಂದರೆ ನನಗೆ ಅನ್ನ. ಅದು ಒಂದು ವಾರ ಬಿಗಿದುಕೊಂಡರೆ ನಾನು ಊರೇ ಹೊತ್ತಿಕೊಳ್ಳುವ ಹಾಗೆ ಅಳುತ್ತಿದ್ದೆ. ಅವಳು ಎರಡು ವರ್ಷ ಅಳದೆ ಕೆಲಸ ಮಾಡಿದ್ದಳು. ನಾವು ಅವಳನ್ನು ಹಳೆಯ ಕುರ್ಚಿಯಂತೆ ನೆಲಮಾಳಿಗೆಗೆ ತಳ್ಳಿದ್ದೆವು.

ಕಫಾನಾಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಒಂದಿಂಚೂ ಸೇರಿಸಲಿಲ್ಲ.

ದ್ರಾಗುತಿನ್ ಮೇಜು ಕುಟ್ಟಿ ನಕ್ಕ. "ಅವತ್ತು ಸೂಜಿ, ಇವತ್ತು ಕಾಯಿಲೆ! ನಾಳೆ ಏನಪ್ಪಾ, ಮಾಟಾನಾ?"

"ನನ್ ತುತ್ತೂರಿ ಆಣೆ ಕಣೋ!"

"ಆ ತುತ್ತೂರಿ ಮೇಲೆ ನೀನು ನದಿ ನಿಲ್ಲಿಸ್ದೆ ಅಂತಾನೂ ಆಣೆ ಇಟ್ಟಿದೀಯ."

ನನ್ನ ಸುಳ್ಳನ್ನು ಒಂದೇ ಸಂಜೆಯಲ್ಲಿ ನುಂಗಿದ ಊರು ನನ್ನ ನಿಜವನ್ನು ಉಗಿದುಬಿಟ್ಟಿತು. ಆದರೆ ನಮ್ಮೂರಿನವರು ಕಣ್ಣುಮುಚ್ಚಿ ನಂಬುವ ಒಂದು ವಸ್ತು ಇದೆ. ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಚೀಟಿಯಲ್ಲಿ ಅವರ ಫೋಟೋ ಹಾಕಿ ಕಂಬಕಂಬಕ್ಕೂ ಅಂಟಿಸುತ್ತೇವೆ. ಬಸ್ಸು ತಪ್ಪಿದರೂ ಸರಿ, ಅದನ್ನು ಪೂರ್ತಿ ಓದದೆ ಯಾರೂ ಮುಂದೆ ಹೋಗುವುದಿಲ್ಲ.

ಮೊದಲು ನೆಲಮಾಳಿಗೆಗೆ ಹೋಗಿ ಅವಳನ್ನು ಕೇಳಿದೆ. ಅವಳು ಮುಂದಿದ್ದ ಪುಸ್ತಕ ಮುಚ್ಚಿ, "ಬರಿ. ಆದ್ರೆ ನನ್ ಫೋಟೋ ಹಾಕ್ಬೇಡ. ಪಾಪ ಅನ್ನೋ ಪದ ಹಾಕ್ಬೇಡ," ಎಂದಳು.

ಬುಧವಾರ ಬೆಳಿಗ್ಗೆ ಊರು ಎದ್ದಾಗ ಕಂಬಗಳ ಮೇಲೆಲ್ಲ ನನ್ನ ಫೋಟೋ ಇತ್ತು. ನನ್ನ ಸೋದರತ್ತೆ ಎದೆ ಬಡಿದುಕೊಂಡು, ಸತ್ತವರಿಗೆಂದು ಬೇಯಿಸುವ ಗೋಧಿಗೆ ನೀರು ಇಟ್ಟೇ ಹೊರಗೆ ಓಡಿಬಂದಳು. ದ್ರಾಗುತಿನ್ ಟೋಪಿ ತೆಗೆದು ನನ್ನ ಫೋಟೋದ ಮುಂದೆ ನಿಂತ. ಒಂದು ಲಕ್ಷ ಜನ ಸೇರಿದ್ದರು. ನಮ್ಮೂರಿನ ಜನಸಂಖ್ಯೆ ಆರು ಸಾವಿರ. ಆಮೇಲೆ ಎಲ್ಲರೂ ಕೆಳಗಿನ ಸಾಲುಗಳಿಗೆ ಬಂದರು:

"ಬಂಧುಮಿತ್ರರಿಗೆ ತಿಳಿಸುವುದೇನೆಂದರೆ, ತುತ್ತೂರಿ ಸ್ತಾನಿಮಿರ್ ಹುಟ್ಟಿಸಿದ ಸುಳ್ಳು, ಊರಿನವರ ಆರೈಕೆಯಲ್ಲಿ ಎಂಟು ತಿಂಗಳು ಸುಖವಾಗಿ ಬಾಳಿ, ಮಂಗಳವಾರ ತೀರಿಕೊಂಡಿತು. ರಾದೋಯ್ಕಾಳ ಮುಖಕ್ಕೆ ಯಾರೂ ಸೂಜಿ ಹಾಕಿಲ್ಲ. ಅವಳಿಗಿರುವುದು ಸ್ಕ್ಲೆರೊಡರ್ಮ, ಚರ್ಮ ಬಿಗಿಯುವ ಕಾಯಿಲೆ. ಅದು ಅಂಟುವುದಿಲ್ಲ. ಚಳಿ ಅವಳಿಗೆ ಆಗಿಬರುವುದಿಲ್ಲ. ಅವಳನ್ನು ಚಳಿಯ ನೆಲಮಾಳಿಗೆಗೆ ಕಳಿಸಿದವರು ವುಕಾಶಿನ್. ಕೈಜೋಡಿಸಿದವರು ನಾನು, ಮತ್ತು ಇದನ್ನು ಓದುತ್ತಿರುವ ನೀವು."

ಯಾರೂ ನಗಲಿಲ್ಲ. ದ್ರಾಗುತಿನ್ ಟೋಪಿ ಹಾಕಿಕೊಳ್ಳುವುದನ್ನೇ ಮರೆತ.

ವುಕಾಶಿನ್ ಕೆಂಡವಾಗಿ ಬಂದ. "ಕೀಳಿಸು ಅವನ್ನೆಲ್ಲ!"

"ನಲವತ್ತು ದಿನ ಸಾವಿನ ಚೀಟಿ ಯಾರೂ ಮುಟ್ಟಲ್ಲ ಸ್ವಾಮಿ," ಎಂದೆ. "ನೀವೇ ಕೀಳಿ, ಊರು ನೋಡ್ಲಿ."

ಅವನು ಕೀಳಲಿಲ್ಲ. ಅವಳನ್ನು ಮೇಲಕ್ಕೆ ಕರೆಯಲೂ ಇಲ್ಲ.

ಶನಿವಾರ ಸ್ಮಿಲ್ಯಾಳ ದಿಬ್ಬಣ ಬಂತು. ಸಭಾಂಗಣದಲ್ಲಿ ವುಕಾಶಿನ್ ತಾನೇ ಪಟ್ಟಿ ಹಾಕಿಕೊಂಡು ನಿಂತಿದ್ದ. ಮದುಮಗಳು ಬಾಗಿಲಲ್ಲೇ ನಿಂತಳು.

"ರಾದೋಯ್ಕಾ ಅಕ್ಕ ಎಲ್ಲಿ?"

"ಸ್ಮಿಲ್ಯಾ, ಎಲ್ಲರೂ ಕಾಯ್ತಿದಾರೆ," ಎಂದಳು ಯಗೊರ್ಕಾ, ಗಂಟಲು ತಗ್ಗಿಸಿ.

"ಕಾಯ್ಲಿ ಅಮ್ಮ. ಚೀಟೀನ ನೀನೂ ಓದಿದೀಯ, ನಾನೂ ಓದಿದೀನಿ."

ಬಿಳಿ ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ನಾವೂ ಮೆಟ್ಟಿಲಲ್ಲಿ ಜೋತುಬಿದ್ದೆವು.

ರಾದೋಯ್ಕಾ ಎದ್ದು ಓಡಿಬರಲಿಲ್ಲ. "ಒಂದು ಮದುವೆಗೋಸ್ಕರ ನಾನು ಮೇಲೆ ಬರಲ್ಲ ಮಗಳೇ," ಎಂದಳು. "ಸೋಮವಾರವೂ ನನ್ನ ಮೇಜು ಮೇಲ್ಗಡೇನೇ ಇರ್ಬೇಕು. ಆಮೇಲೂ ಇರ್ಬೇಕು. ಬರ್ದು, ಮೊಹರು ಒತ್ತಿ ಕೊಡೋಕೆ ಹೇಳು."

ಮುನ್ನೂರು ಅತಿಥಿಗಳ ಮುಂದೆ ವುಕಾಶಿನ್ ಬರೆದ. ಬೆವರುತ್ತಾ ಮೊಹರು ಒತ್ತಿದ. ಮದುಮಗಳು ಆ ಕಾಗದವನ್ನು ಊದಿ ಒಣಗಿಸಿ ಕೆಳಗೆ ಒಯ್ದಳು. ರಾದೋಯ್ಕಾ ಅದನ್ನು ಎರಡು ಸಲ ಓದಿ, ಮೇಲೆ ಬಂದು, ಪಟ್ಟಿ ಹಾಕಿಕೊಂಡಳು. ಕೇಳಬೇಕಾದ ಪ್ರಶ್ನೆ ಕೇಳಿದಳು. ಇಬ್ಬರೂ ಒಪ್ಪಿದರು, ಸಹಿ ಹಾಕಿದರು.

ಪಕ್ಕದ ಪಟ್ಟಣದಿಂದ ಬಂದಿದ್ದ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಕ್ಯಾಮೆರಾ ಇಳಿಸಿದ. "ಮೇಡಂ, ನಡುವೆ ಇರೋರು, ಸ್ವಲ್ಪ ನಗ್ರಿ."

ಯಗೊರ್ಕಾ ತಿರುಗಿ, ಮೊದಲ ಸಲ, ರಾದೋಯ್ಕಾಳ ಕಣ್ಣನ್ನು ಹತ್ತಿರದಿಂದ ನೋಡಿದಳು. ಆಮೇಲೆ ಫೋಟೋದವನ ಕಡೆ ಗದರಿದಳು:

"ನಗ್ತಾನೇ ಇದಾಳೆ ಕಣಯ್ಯಾ. ನೀನು ತೆಗಿ."