ಎಡಗಡೆ ಹಿಂದಿನ ಸೀಟು

"ಅಲ್ಲಿ ಬೇಡ ಸಾರ್, ಅಲ್ಲಿ ಮಾತ್ರ ಕೂರಬೇಡಿ!"

ಹೊಸ ಬೋಟಿನ ಎಡಗಡೆ ಹಿಂದಿನ ಮೂಲೆಯಲ್ಲಿ ಇನ್ನೇನು ಕೂರಬೇಕು ಅನ್ನುವಷ್ಟರಲ್ಲಿ ಗುಂಡಣ್ಣ ಹಾಗೇ ತಡೆದುಕೊಂಡ. ಪೂರ್ತಿ ಕೂತೂ ಇಲ್ಲ, ನಿಂತೂ ಇಲ್ಲ. ಅಷ್ಟು ದೊಡ್ಡ ಮೈಯನ್ನು ಹಾಗೆ ನಡುವೆ ತಡೆದು ಹಿಡಿಯುವುದು ಏನು ಹುಡುಗಾಟವೆ? ಮಂಡಿ ಚುರ್ ಅಂತು. ಕೂಗಿದವನು ಬೋಟ್ ಮಾರಿದ ಕಂಪನಿಯ ಟ್ರೈನರ್. ಹೊಸ ಬೋಟ್ ಕೊಂಡವರ ಜೊತೆ ಒಂದು ದಿನ ಇದ್ದು, ಅದನ್ನು ಹೇಗೆ ಓಡಿಸಬೇಕು, ಹೇಗೆ ತಿರುಗಿಸಬೇಕು ಅಂತ ಹೇಳಿಕೊಡುವುದು ಅವನ ಕೆಲಸ. ಬಿಳಿ ಟೋಪಿ, ಕಪ್ಪು ಕನ್ನಡಕ, ಮಾತಿಗೊಂದು ಸಾರ್.

"ಇದು ನನ್ನ ಜಾಗ ಕಣಪ್ಪ," ಅಂತ ಗುಂಡಣ್ಣ ನಕ್ಕ. "ಬೇಕಾದ್ರೆ ನಮ್ಮ ಭಾವನ್ನ ಕೇಳು."

ಭಾವನಿಗೆ ಕೇಳಿಸಲಿಲ್ಲ. ಕೇಳಿಸಿದರೂ ಈಗ ಅವನ ಕಿವಿ, ಕಣ್ಣು, ಜೀವ ಎಲ್ಲವೂ ಸ್ಟೀರಿಂಗ್ ಪಕ್ಕದ ಪರದೆಯ ಮೇಲೇ ಇದ್ದವು. ಬೆರಳಲ್ಲಿ ಒತ್ತಿದರೆ ಬೋಟಿನ ಹೊಟ್ಟೆಯೊಳಗಿನ ಟ್ಯಾಂಕುಗಳಿಗೆ ಕೆರೆಯ ನೀರು ಗುಳುಗುಳು ತುಂಬುತ್ತಿತ್ತು. ಇನ್ನೊಂದು ಕಡೆ ಒತ್ತಿದರೆ ಖಾಲಿ. ಮೂರು ಸಲ ತುಂಬಿ ಮೂರು ಸಲ ಖಾಲಿ ಮಾಡಿದ್ದ, ಮಕ್ಕಳ ಹಾಗೆ.

ಗುಂಡಣ್ಣ ಜಾಗ ಅಂದದ್ದು ಸುಮ್ಮನೆ ಅಂದದ್ದಲ್ಲ. ಅವನ ತಂಗಿಗೆ, ಅಂದರೆ ಭಾವನ ಹೆಂಡತಿಗೆ, ಅಲೆಯಾಟದ ಹುಚ್ಚು. ಬೋಟಿನ ಹಿಂದೆ ಹಗ್ಗ ಹಿಡಿದು ಹಲಗೆಯ ಮೇಲೆ ಎದ್ದು ನಿಲ್ಲುವುದು, ಆಮೇಲೆ ಹಗ್ಗವನ್ನೂ ಎಸೆದು, ಬೋಟ್ ಎಬ್ಬಿಸಿದ ಅಲೆಯ ಮೇಲೇ ಜಾರಿಕೊಂಡು ಬರುವುದು. ಆದರೆ ಅಲೆ ಏಳಬೇಕಾದರೆ ಬೋಟಿನ ಹಿಂಭಾಗ ಒಂದು ಕಡೆ ಚೆನ್ನಾಗಿ ನೀರಲ್ಲಿ ಮುಳುಗಬೇಕು. ಅವರ ಹಳೇ ಬೋಟ್ ಹಗುರ. ಮರಳಿನ ಮೂಟೆ ಹಾಕಿ ನೋಡಿದ್ದರು, ಮೂಟೆ ಒಡೆದು ಬೋಟೆಲ್ಲ ಕೆಸರಾಗಿತ್ತು. ಆರು ವರ್ಷದ ಹಿಂದೆ ಒಂದು ಭಾನುವಾರ ಗುಂಡಣ್ಣ ಸುಮ್ಮನೆ ತಂಗಿಯನ್ನು ನೋಡಿಕೊಂಡು ಹೋಗೋಣ ಅಂತ ಕೆರೆಗೆ ಬಂದವನು ಆ ಮೂಲೆಯಲ್ಲಿ ಕೂತ. ಅಲೆ ತಂಗಿಯ ಸೊಂಟದವರೆಗೆ ಎದ್ದಿತು. ತಂಗಿ ನೀರಲ್ಲಿ ಬಿದ್ದುಕೊಂಡೇ ಕೂಗಿದ್ದಳು, "ಅಣ್ಣಾ, ನೀನು ಇಷ್ಟು ದಿನ ಎಲ್ಲಿ ಇದ್ಯೋ!"

ಎಲ್ಲಿದ್ದ ಅಂದರೆ, ಇದ್ದಲ್ಲೇ ಇದ್ದ. ಊರಾಚೆಯ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ನೋಡುವುದು ಅವನ ಕೆಲಸ. ಗಾಜಿನ ಕಿಟಕಿಯ ಒಂದು ಗೂಡು, ಒಂದು ಕುರ್ಚಿ, ಒಂದು ಫ್ಯಾನು. ಲಾರಿಯವರು ಚೀಟಿ ಕಿತ್ತುಕೊಂಡು ಹೋಗುತ್ತಿದ್ದರೇ ಹೊರತು ಮುಖ ಎತ್ತಿ ನೋಡಿದವರಿಲ್ಲ. ಮದುವೆ ಆಗಲಿಲ್ಲ, ನೋಡಲು ಬಂದವರು ಒಂದು ಸಲ ಅವನನ್ನೂ ಒಂದು ಸಲ ಕುರ್ಚಿಯನ್ನೂ ನೋಡಿ ಎದ್ದು ಹೋಗುತ್ತಿದ್ದರು. ಅಂಥವನಿಗೆ ಆ ಭಾನುವಾರದಿಂದ ಪ್ರತಿ ಶನಿವಾರ ಸಂಜೆ ತಂಗಿಯ ಫೋನು. "ನಾಳೆ ಬರ್ತೀಯ ತಾನೆ? ನೀನಿಲ್ದಿದ್ರೆ ಆಗಲ್ಲ ಅಣ್ಣ." ನೀನಿಲ್ಲದಿದ್ದರೆ ಆಗಲ್ಲ! ಈ ಮಾತನ್ನು ಅವನಿಗೆ ಜನ್ಮದಲ್ಲಿ ಇನ್ಯಾರೂ ಹೇಳಿರಲಿಲ್ಲ. ಮಂಡಿ ಸವೆದಿದೆ, ತೂಕ ಇಳಿಸದಿದ್ದರೆ ಕಷ್ಟ ಅಂದ ಡಾಕ್ಟರಿಗೆ ಅವನು, "ನಾನು ಇಳಿದ್ರೆ ಅಲೆ ಇಳಿಯುತ್ತೆ ಡಾಕ್ಟ್ರೇ" ಅಂದಿದ್ದ. ಡಾಕ್ಟರು ಇವನಿಗೆ ತಲೆಯೂ ಸವೆದಿರಬೇಕು ಅಂದುಕೊಂಡು ಗುಳಿಗೆ ಬರೆದುಕೊಟ್ಟಿದ್ದರು.

ಈಗ ನೋಡಿದರೆ ಟ್ರೈನರ್ ಹೇಳುತ್ತಿದ್ದಾನೆ: "ಭಾರ ಎಲ್ಲಾ ಟ್ಯಾಂಕ್ ನೋಡ್ಕೊಳ್ಳುತ್ತೆ ಸಾರ್. ಅಲೆನ ಒಂದು ಕಡೆ ಎಬ್ಬಿಸೋಕೆ ಹಿಂದೆ ರೆಕ್ಕೆ ಇದೆ, ಬೋಟ್ ಎರಡು ಕಡೆನೂ ಸಮ ಇರಬೇಕು. ನೀವು ಮುಂದೆ ನಡುವಲ್ಲಿ ಕೂತ್ಕೊಳ್ಳಿ."

ಗುಂಡಣ್ಣ ಮುಂದೆ ಹೋಗಿ ಕೂತ. ಬೋಟ್ ಹೊರಟಿತು. ಹೊರಟಿತು ಅಂದರೆ, ಮೂತಿ ಆಕಾಶಕ್ಕೆ ಎತ್ತಿತು. ಹಳೇ ಬೋಟಿಗೆ ಕೊಡುತ್ತಿದ್ದ ಹಾಗೆ ಭಾವ ಇದಕ್ಕೂ ವೇಗ ಕೊಟ್ಟಿದ್ದ. ಮುಂದೇನಿದೆ ಅಂತ ಕಾಣದೆ, ಗಾಬರಿಯಾಗಿ, ಒಮ್ಮೆಲೇ ವೇಗ ಇಳಿಸಿದ. ಮೂತಿ ದಬಕ್ಕನೆ ಕೆಳಗೆ ಬಂತು. ಹಿಂದಿನಿಂದ ತಾನೇ ಎಬ್ಬಿಸಿದ ನೀರು ಬಂದು ಬೋಟನ್ನು ನೂಕಿತು, ಮುಂದಿನಿಂದ ಒಂದು ಹಂಡೆಯಷ್ಟು ನೀರು ಒಳಗೆ ನುಗ್ಗಿತು. ಅಷ್ಟೂ ಗುಂಡಣ್ಣನ ಮಡಿಲಿಗೆ.

"ತಡೆಗೋಡೆ ಇದ್ದ ಹಾಗಾಯ್ತು," ಅಂದ ಭಾವ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಂಡಣ್ಣನೂ ನಕ್ಕ. ಅವನಿಗೆ ತನ್ನ ಮೇಲಿನ ತಮಾಷೆಗೆ ಎಲ್ಲರಿಗಿಂತ ಮೊದಲು ನಗುವ ಅಭ್ಯಾಸ.

ಟ್ರೈನರ್ ತಾಳ್ಮೆಯಿಂದ ಹೇಳಿದ. ಇದು ಹಳೇದರ ಹಾಗಲ್ಲ, ಹೊಟ್ಟೆ ತುಂಬ ನೀರಿದೆ. ನಿಧಾನಕ್ಕೆ ಎಬ್ಬಿಸಬೇಕು, ನಿಧಾನಕ್ಕೆ ಕೂರಿಸಬೇಕು. ತಿರುಗಿಸುವಾಗ ಮೊದಲೇ ಯೋಚನೆ ಮಾಡಬೇಕು, ಯಾಕೆಂದರೆ ಸ್ಟೀರಿಂಗ್ ತಿರುಗಿದರೂ ಬೋಟ್ ತಿರುಗಲು ಹೊತ್ತು ಬೇಕು. ನಿಲ್ಲಿಸಿದ ಮೇಲೂ ಅದು ಜಾರುತ್ತಲೇ ಹೋಗುತ್ತದೆ. ಭಾವ ಹೂಂ ಹೂಂ ಅಂದ. ಎರಡು ಸುತ್ತಿನಲ್ಲಿ ಕೈ ಕುದುರಿತು. ವೇಗವನ್ನು ಪರದೆಯೇ ನೋಡಿಕೊಂಡಿತು, ಅವನು ಬರೀ ನೇರ ಹಿಡಿದರೆ ಸಾಕಿತ್ತು.

ಆದರೆ ಅಲೆ ಮಾತ್ರ ಸಪ್ಪೆ. ತಂಗಿ ಹಲಗೆಯ ಮೇಲೆ ಏಳುವಳು, ಹಗ್ಗ ಬಿಡುವಳು, ಅಲೆ ಕಾಲಡಿಯಿಂದ ಕರಗಿಹೋಗುವುದು, ಬೀಳುವಳು. ಟ್ರೈನರ್ ಪರದೆ ನೋಡಿ ಗುಂಡಣ್ಣನ ಕಡೆ ನೋಡಿದ. "ಸಾರ್, ನೀವು ಸ್ವಲ್ಪ ಬಲಕ್ಕೆ." ಬಲಕ್ಕೆ ಸರಿದ. "ಅಷ್ಟು ಬೇಡ." ಎಡಕ್ಕೆ ಬಂದ. "ಮಧ್ಯ ನೆಲದ ಮೇಲೇ ಕೂತ್ಬಿಡಿ ಸಾರ್, ಪ್ಲೀಸ್." ಮನೆ ಬದಲಾಯಿಸುವಾಗ ಬೀರು ಎಲ್ಲಿಡುವುದು ಅಂತ ಗೊತ್ತಾಗದೆ ಕೋಣೆ ತುಂಬ ಎಳೆದಾಡುತ್ತಾರಲ್ಲ, ಹಾಗಾಯಿತು ಅವನ ಪಾಡು. ನೆಲದ ಮೇಲೆ ಕೂತವನಿಗೆ ಬೋಟಿನ ಅಂಚು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವಮಾನ ಆಯಿತು, ನಿಜವಾಗಿ ಆಯಿತು.

ಇವರಿಗೇನು ಗೊತ್ತು, ಅಂದುಕೊಂಡ. ಆರು ವರ್ಷ ಅಲೆ ಎಬ್ಬಿಸಿದವನು ನಾನು. ಎಷ್ಟು ವಾಲಬೇಕು, ಯಾವಾಗ ಹಿಂದಕ್ಕೆ ಒರಗಬೇಕು ಅಂತ ನನ್ನ ಬೆನ್ನಿಗೇ ಗೊತ್ತು. ಪರದೆಗೆ ಬೆನ್ನಿದೆಯಾ?

ಐದನೆಯ ಸುತ್ತಿಗೆ ತಂಗಿ ಎದ್ದಳು. ಈ ಸಲ ಅಲೆ ಪರವಾಗಿರಲಿಲ್ಲ. ಹಗ್ಗ ಬಿಟ್ಟಳು, ನಿಂತಳು, ಮುಖದಲ್ಲಿ ನಗು ಮೂಡಿತು. ಟ್ರೈನರ್ ಮತ್ತು ಭಾವ ಇಬ್ಬರೂ ಪರದೆಯ ಮೇಲೆ ಬಗ್ಗಿದ್ದರು. ಗುಂಡಣ್ಣ ಕೈಯೂರಿ ಎದ್ದ. ಸದ್ದಾಗದ ಹಾಗೆ, ಅಂಥ ಮೈ ಸದ್ದಾಗದ ಹಾಗೆ ಹೋಗಬಹುದಾದಷ್ಟು, ಹಿಂದಕ್ಕೆ ಹೋಗಿ ತನ್ನ ಮೂಲೆಯಲ್ಲಿ ಕೂತು ಚೆನ್ನಾಗಿ ಒರಗಿದ. ನೋಡು ಈಗ ತಂಗಿ, ನೋಡು, ಅಂತ ಮನಸ್ಸಿನಲ್ಲೇ ಅಂದ.

ಬೋಟ್ ಎಡಕ್ಕೆ ವಾಲಿತು. ಅಲೆ ಒಂದು ಕ್ಷಣ ಮುದುಡಿ, ನಡುವೆ ಒಡೆದು ನೊರೆಯಾಯಿತು. ತಂಗಿ ಮುಂದಕ್ಕೆ ಮುಗ್ಗರಿಸಿದಳು. ಹಲಗೆ ಅವಳ ಕಾಲಡಿಯಿಂದ ಚಿಮ್ಮಿ, ತಿರುಗಿ, ಬಾಯಿಗೆ ಬಡಿಯಿತು.

ಮೇಲಕ್ಕೆ ಎಳೆದುಕೊಂಡಾಗ ತುಟಿ ಸೀಳಿತ್ತು. ರಕ್ತ ನೀರಿನ ಜೊತೆ ಗಲ್ಲದಿಂದ ಇಳಿಯುತ್ತಿತ್ತು. ಟ್ರೈನರ್ ಟವೆಲ್ ಕೊಟ್ಟ. ಭಾವ ಗುಂಡಣ್ಣನನ್ನು ನೋಡಿದ, ಅವನು ಕೂತ ಜಾಗವನ್ನೂ ನೋಡಿದ.

"ನಿನಗೆ ಹೇಳಿದ್ದು ಅರ್ಥ ಆಗಲ್ವಾ? ಮೈಯಲ್ಲಿ ಇರೋದು ತಲೇಲಿ ಸ್ವಲ್ಪನಾದ್ರೂ ಇರಬಾರ್ದಾ?"

"ಅಲ್ಲ ಭಾವ, ಯಾವಾಗ್ಲೂ ಇಲ್ಲೇ ಅಲ್ವಾ, ಅವಳಿಗೆ ಒಳ್ಳೇ ಅಲೆ ಬರ್ಲಿ ಅಂತ..."

"ಅಣ್ಣ," ಅಂದಳು ತಂಗಿ. ಟವೆಲ್ ಬಾಯಿಂದ ತೆಗೆದಿದ್ದಳು. ಮಾತು ನಿಧಾನವಾಗಿ, ಒಂದೊಂದೇ ಬಂತು. "ನೀನು ಇಳಿ. ನಿನ್ನ ಇಳಿಸಿ ಬರ್ತೀವಿ."

"ಇಳೀತೀನಮ್ಮ, ಇಳೀತೀನಿ. ಮೊದ್ಲು ಡಾಕ್ಟರ ಹತ್ರ ಹೋಗೋಣ. ನಾನೂ ಜೊತೆಗೆ ಬರ್ತೀನಿ."

"ನೀನು ಯಾಕೆ?" ಅಂದಳು ತಂಗಿ. "ಇಷ್ಟು ವರ್ಷ ನಿನ್ನ ಯಾಕೆ ಕರೀತಿದ್ವಿ ಅಂದ್ಕೊಂಡಿದ್ದೀಯ ನೀನು? ಮಾತಾಡೋಕಾ?"

ಟ್ರೈನರ್ ಕೆರೆಯ ಕಡೆ ತಿರುಗಿಕೊಂಡ. ಗುಂಡಣ್ಣ ಈ ಸಲ ಎಲ್ಲರಿಗಿಂತ ಮೊದಲು ನಗಲು ನೋಡಿದ, ಆಗಲಿಲ್ಲ.

ದಡದಲ್ಲಿ ಮರದ ಕಟ್ಟೆ ನೀರಿನೊಳಗೆ ಚಾಚಿಕೊಂಡಿತ್ತು. ಅಲ್ಲಿ ಅವನನ್ನು ಇಳಿಸಿದರು. ಡಾಕ್ಟರ ಹತ್ತಿರ ಹೋಗಲಿಲ್ಲ. ತಂಗಿ ತುಟಿಗೆ ಪಟ್ಟಿ ಅಂಟಿಸಿಕೊಂಡು ಮತ್ತೆ ನೀರಿಗಿಳಿದಳು. ಬೋಟ್ ಮೂತಿಯನ್ನು ಹದವಾಗಿ ಎತ್ತಿ ಹೊರಟಿತು. ಆಗ ಅಲೆ ಎದ್ದಿತು ನೋಡಿ! ಎದೆಯೆತ್ತರ, ನುಣ್ಣಗೆ, ಎಲ್ಲೂ ಮುರಿಯದೆ, ಬೋಟಿನ ಹಿಂದೆ ಅಂಟಿಕೊಂಡೇ ಬರುತ್ತಿತ್ತು. ತಂಗಿ ಅದರ ಮೇಲೆ ಕೈಚಾಚಿ, ಒಮ್ಮೆ ಕೆಳಗಿಳಿದು ಒಮ್ಮೆ ಮೇಲೇರಿ, ಕಟ್ಟೆಯ ಮುಂದಿನಿಂದಲೇ ಹಾದು ಹೋದಳು. ಭಾವ ಖುಷಿಯಿಂದ ಕಿರುಚಿದ್ದು ದಡಕ್ಕೂ ಕೇಳಿಸಿತು. ಗುಂಡಣ್ಣ ಚಪ್ಪಾಳೆ ತಟ್ಟಿದ. ಅವಳು ಇತ್ತ ನೋಡಲಿಲ್ಲ.

"ಒಳ್ಳೇ ಬೋಟು," ಅಂತ ಪಕ್ಕದಿಂದ ದನಿ ಬಂತು. ಹಳೇ ಬೋಟ್ ಕೊಂಡುಕೊಂಡಿದ್ದ ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡುವವರು, ಒಣಗಿದ ಕಡ್ಡಿಯಂಥ ಮೈ. ತಮ್ಮ ಬೋಟನ್ನು ಒಯ್ಯಲು ಬಂದವರು ಕಟ್ಟೆಗೆ ಕಟ್ಟಿದ ಅದನ್ನೂ ಕೆರೆಯ ಮೇಲಿನ ಹೊಸದನ್ನೂ ನೋಡುತ್ತ ಸಣ್ಣ ಮುಖ ಮಾಡಿಕೊಂಡಿದ್ದರು.

ಭಾವ ವಾಪಸ್ ಬಂದಾಗ ಬೋಟ್ ನಿಲ್ಲದೆ ಜಾರಿ ಕಟ್ಟೆಗೆ ಧಡ್ ಅಂತ ಬಡಿಯಿತು. ಅದಕ್ಕೂ ಅವನು ನಕ್ಕ, ಅಷ್ಟು ಸಂತೋಷದಲ್ಲಿದ್ದ. ಮೇಷ್ಟ್ರು ಕೇಳಿದರು, "ಸಾರ್, ಈ ಹಳೇದೂ ಹೀಗೇ ಅಲೆ ಎಬ್ಬಿಸುತ್ತಾ? ನಿನ್ನೆ ನಾವು ಓಡಿಸಿ ನೋಡಿದ್ವಿ, ಮಂಡಿಗೂ ಬರ್ಲಿಲ್ಲ."

"ಓ, ಅದಕ್ಕೊಂದು ಪಾರ್ಟು ಹಾಕಬೇಕು," ಅಂದ ಭಾವ. ಗುಂಡಣ್ಣನ ಬೆನ್ನು ತಟ್ಟಿದ. "ಇದೇ ನೋಡಿ. ತಗೊಂಡೋಗಿ, ಬೋಟ್ ಜೊತೆ ಫ್ರೀ!"

ಎಲ್ಲರೂ ನಕ್ಕರು. ಟ್ರೈನರ್ ಕೂಡ. ತಂಗಿ ತುಟಿ ನೋಯುತ್ತದೆ ಅಂತ ಕೈ ಅಡ್ಡ ಹಿಡಿದು ನಕ್ಕಳು.

ಆ ಶನಿವಾರ ಫೋನು ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಗುಂಡಣ್ಣನೇ ಮಾಡಿದ. "ತುಟಿ ಹೇಗಿದೆ?" ಅಂದ. ವಾಸಿಯಾಗಿದೆ ಅಂದಳು. "ನಾಳೆ ಬರ್ಲಾ? ನೆಲದ ಮೇಲೇ ಕೂತಿರ್ತೀನಿ. ಅಲ್ಲಾಡಲ್ಲ." "ಅವರ ಫ್ರೆಂಡ್ಸ್ ಬರ್ತಿದ್ದಾರೆ ಅಣ್ಣ, ಸೀಟಿಲ್ಲ. ಜಾಗ ಇದ್ದಾಗ ನಾನೇ ಹೇಳ್ತೀನಿ ಬಿಡು" ಅಂದಳು. ಅವಳು ಹೇಳಲೇ ಇಲ್ಲ.

ಬೇಜಾರಿನಲ್ಲಿ ಕೆಲವರು ತಿನ್ನುತ್ತಾರೆ. ಗುಂಡಣ್ಣನಿಗೆ ಊಟ ಸೇರದಾಯಿತು. ತಟ್ಟೆ ಮುಂದೆ ಕೂತರೆ ಯಾರಿಗಾಗಿ ತಿನ್ನಬೇಕು ಅನ್ನಿಸುತ್ತಿತ್ತು. ಎರಡು ತಿಂಗಳಲ್ಲಿ ಬೆಲ್ಟಿಗೆ ಹೊಸ ತೂತು ಬಿತ್ತು. ಮಂಡಿ ಚುರ್ ಅನ್ನುವುದು ಕಮ್ಮಿಯಾಯಿತು. ಗೂಡಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದ. ಡಾಕ್ಟರು, "ಭೇಷ್, ಹೀಗೇ ಮುಂದುವರಿಸಿ, ಇನ್ನು ಆಪರೇಷನ್ ಮಾತೇ ಬೇಡ" ಅಂದರು. ಒಬ್ಬ ಲಾರಿ ಡ್ರೈವರ್ ಚೀಟಿ ಇಸಿದುಕೊಳ್ಳುತ್ತ ಮುಖ ಎತ್ತಿ, "ಏನಣ್ಣ, ಇಳಿದಿದ್ದೀರ" ಅಂದ. ಅಂತೂ ಒಬ್ಬ ನೋಡಿದ. ಕನ್ನಡಿ ಮುಂದೆ ನಿಂತಾಗ ಗುಂಡಣ್ಣನಿಗೂ ಪರವಾಗಿಲ್ಲವೇ ಅನ್ನಿಸತೊಡಗಿತ್ತು.

ಒಂದು ಶುಕ್ರವಾರ ಮಧ್ಯಾಹ್ನ, ಅವನು ಡಬ್ಬಿ ತೊಳೆದಿಡುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು.

"ನಾನು ಡ್ರಿಲ್ ಮೇಷ್ಟ್ರು. ಬೋಟ್ ತಗೊಂಡೋನು. ನಂಬರ್ ನಿಮ್ಮ ಭಾವ ಕೊಟ್ರು. ಬೋಟಲ್ಲಿ ಒಂದು ದೊಡ್ಡ ಲೈಫ್ ಜಾಕೆಟ್ ಸಿಕ್ತು, ನಮ್ಮ ಮನೆಯವರೆಲ್ಲ ಒಟ್ಟಿಗೆ ಹೊಕ್ಕರೂ ಜಾಗ ಉಳಿಯುತ್ತೆ. ನಿಮ್ಮದೇ ಇರಬೇಕು."

"ನಂದೇ," ಅಂದ ಗುಂಡಣ್ಣ.

"ಅಲ್ಲ, ಅವತ್ತು ನಿಮ್ಮ ಭಾವ ತಮಾಷೆಗೆ ಅಂದಿದ್ದು. ಆದ್ರೂ ಕೇಳೋಣ ಅಂತ. ಏನ್ ಮಾಡಿದ್ರೂ ಅಲೆ ಬರ್ತಿಲ್ಲ. ತಪ್ಪು ತಿಳ್ಕೋಬೇಡಿ, ನಿಮ್ಮ ತೂಕ ಎಷ್ಟಿರಬಹುದು?"

ಗುಂಡಣ್ಣ ಗಾಜಿನಾಚೆ ನೋಡಿದ. ಲಾರಿಯೊಂದು ತೂಕದ ಹಲಗೆಯ ಮೇಲೆ ಹತ್ತಿ ನಿಂತು ಹಾರ್ನ್ ಹೊಡೆಯುತ್ತಿತ್ತು.

"ನೂರ ಹದಿನೈದು ಕಿಲೋ," ಅಂದ.

"ಅಷ್ಟೇನಾ?" ದನಿ ಸಪ್ಪಗಾಯಿತು. "ಅವ್ರು ನೂರ ಮೂವತ್ತರ ಮೇಲೆ ಅಂದಿದ್ರು. ಹೋಗ್ಲಿ ಬಿಡಿ. ನಮ್ಮ ಓಣಿ ಕೊನೇಲಿ ಒಬ್ರಿದ್ದಾರೆ, ಅವರನ್ನೇ ಕೇಳ್ತೀನಿ. ಜಾಕೆಟ್ ಯಾವಾಗಾದ್ರೂ..."

"ನೂರ ಮೂವತ್ತು," ಅಂದ ಗುಂಡಣ್ಣ. "ನೂರ ಮೂವತ್ತೈದೇ ಇರಬಹುದು. ಹದಿನೈದು ಅಂದಿದ್ದು ಹೋದ ವರ್ಷದ್ದು."

"ಹೌದಾ! ಹಾಗಾದ್ರೆ ಬರೋ ವಾರ ಅಲ್ಲ, ಅದರ ಮುಂದಿನ ಭಾನುವಾರ ಬನ್ನಿ. ನೀವಿದ್ರೆ ಆಗುತ್ತೆ. ಹೆಸರೇನಂದ್ರಿ?"

"ಗುಂಡಣ್ಣ ಅನ್ನಿ, ಸಾಕು."

ಫೋನ್ ಜೇಬಿಗೆ ಹಾಕಿ, ಲಾರಿಗೆ ಚೀಟಿ ಕೊಟ್ಟು, ಗೂಡಿಗೆ ಬೀಗ ಹಾಕಿದ. ಎದುರಿನ ಕ್ಯಾಂಟೀನಿಗೆ ಹೋಗಿ ಗೋಡೆ ಕಡೆಯ ಬೆಂಚಿನಲ್ಲಿ ಕೂತ. ಊಟ ಆಗಿ ಅರ್ಧ ಗಂಟೆಯೂ ಆಗಿರಲಿಲ್ಲ. ತಟ್ಟೆ ಬಂತು, ಖಾಲಿಯಾಯಿತು. ಬಡಿಸುವವನು ಬಂದು ತಟ್ಟೆ ಎತ್ತಲು ಕೈಚಾಚಿದ.

"ಇರಲಿ, ಇನ್ನೊಂದು ಸಲ ಹಾಕು," ಅಂದ ಗುಂಡಣ್ಣ. ಬೆಲ್ಟ್ ಸಡಿಲ ಮಾಡಿಕೊಂಡು, ಬಾಗಿಲ ಕಡೆ ಬೆನ್ನು ತಿರುಗಿಸಿ, ನಿಧಾನವಾಗಿ ತಿನ್ನತೊಡಗಿದ.